ಗುಟ್ಟು ರಟ್ಟು

...ಇಲ್ಲ ಅಕ್ಕ, ಕೂರಲ್ಲ, ನಿಂತೇ ಹೇಳಿ ಹೋಗ್ತೀನಿ. ಇಪ್ಪತ್ತು ದಿನದಿಂದ ನಿನ್ನ ಅಂಗಡಿ ಮುಂದೆ ಹಾಯೋಕೂ ಮುಖ ಇಲ್ದೆ, ಹಿಂದಿನ ಗಲ್ಲಿಯಲ್ಲಿ ಸುತ್ತು ಹಾಕ್ಕೊಂಡು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗ್ತಿದ್ದೆ. ಇವತ್ತು ನೀನೇ ಹೇಳಿ ಕಳಿಸಿದೀಯ ಅಂತ ಗೊತ್ತಾದ ತಕ್ಷಣ ಕೈ ಕೂಡ ತೊಳೀದೆ ಓಡಿ ಬಂದೆ. ನೋಡು ಬೇಕಾದ್ರೆ, ಬೆರಳಿಗೆ ಬೆರಳು ಅಂಟ್ಕೊಳ್ತಿದೆ... ಹೂಂ? ಸರಿ ಸರಿ, ಕೂತೆ. ಆ ಬಟ್ಟೆ ಗಂಟು ಆ ಕಡೆ ಸರಿಸು. ಇಲ್ಲಮ್ಮ, ಮುಟ್ಟಲ್ಲ! ಯಾರದೋ ಬಿಳಿ ಅಂಗಿ, ನನ್ನ ಕೈ ತುಂಬಾ ಅಂಟು.

ಭಾವ ಎಲ್ಲಿ, ಒಳಗಿದ್ದಾರಾ?... ಓ, ಆಸ್ಪತ್ರೆಗೆ ಹೋದ್ರಾ. ಪಟ್ಟಿ ಬಿಚ್ಚಿ ನೋಡ್ತಾರಂತಾ? ಡಾಕ್ಟ್ರು ಏನಂದ್ರು, ಸರಿಯಾಗತ್ತಂತಾ? ಅಂದ್ರೆ... ಇಸ್ತ್ರಿಪೆಟ್ಟಿಗೆ ಎತ್ತೋ ಹಾಗಿಲ್ವಾ? ಎಷ್ಟು ದಿನ? ಯಾಕೆ ತಲೆ ಅಲ್ಲಾಡಿಸ್ತೀಯ... ಇನ್ನು ಯಾವತ್ತೂ ಇಲ್ವಾ?

ಅಯ್ಯೋ. ಬಲಗೈ ಮಣಿಕಟ್ಟು. ಇಪ್ಪತ್ತೈದು ವರ್ಷ ಈ ಮೇಜಿನ ಮುಂದೆ ನಿಂತು ಊರವರ ಬಟ್ಟೆ ಸುಕ್ಕು ತೆಗೆದ ಕೈ. ಈಗ ನೀನೇ ಎಲ್ಲಾ ಉಜ್ತಾ ಇದೀಯಲ್ಲ... ಹೆಗಲು ನೋಯಲ್ವಾ ಅಕ್ಕ? ಕೇಳಬಾರದಿತ್ತು, ಬಿಡು.

ಆದ್ರೆ ಒಂದು ಮಾತು. ಅವತ್ತಿನ ಗಲಾಟೇಲಿ ಯಾರದ್ದೂ ತಪ್ಪಿಲ್ಲ ಅಕ್ಕ. ಹೌದು ಕಣೇ, ಯಾರದ್ದೂ ಇಲ್ಲ! ಹಾಗೆ ನೋಡ್ಬೇಡ. ಇವತ್ತು ನಿನಗೆ ಒಂದು ಗುಟ್ಟು ಹೇಳ್ತೀನಿ. ನಮ್ಮ ಪ್ರೆಸ್ಸಿನ ಯಜಮಾನರಿಗೆ, ನನಗೆ, ಇಬ್ಬರಿಗೇ ಗೊತ್ತಿರೋದು. ಹೊರಗೆ ಬಿದ್ರೆ ಪ್ರೆಸ್ಸಿಗೆ ಬೀಗ, ನನ್ನ ಕೆಲಸಕ್ಕೆ ಎಳ್ಳುನೀರು. ಹೇಳಲಾ?... ಆ ಪೆಟ್ಟಿಗೆ ಸ್ವಲ್ಪ ಕೆಳಗಿಡು, ಕಾದು ಕೂತಿದೆ.

ಪುಸ್ತಕ ಅದಲು ಬದಲಾಗಿತ್ತು.

ಅರ್ಥ ಆಗ್ಲಿಲ್ವಾ? ನಮ್ಮ ಯಜಮಾನರಿಗೆ ಎಲ್ಲಾ ಪಕ್ಷದೋರೂ ಗಿರಾಕಿಗಳೇ. ಈ ಚುನಾವಣೆಗೆ ಒಂದೇ ವಾರದಲ್ಲಿ ನಮ್ಮ ದೋಣಿ ಗುರುತಿನವರದ್ದೂ ಬಂತು, ಆ ಕೀಲಿಕೈ ಗುರುತಿನವರದ್ದೂ ಬಂತು. ಪ್ರಣಾಳಿಕೆ ಅಂತ ದೊಡ್ಡ ಹೆಸರು ಅಷ್ಟೇ, ನಮ್ಮಂಥ ಬೈಂಡಿಂಗಿನವರಿಗೆ ಅದು ಎರಡೆರಡು ಸಾವಿರ ಪ್ರತಿ, ಒಳಗೆ ಇಪ್ಪತ್ನಾಲ್ಕು ಪುಟ, ಮೇಲೊಂದು ರಟ್ಟು. ಬರೀ ದಪ್ಪ ಕಾಗದ ಆದ್ರೂ ನಮ್ಮ ಬಾಯಲ್ಲಿ ಅದು ರಟ್ಟೇ. ಒಳಪುಟ ಹೊಲಿದು ರಾಶಿ ಹಾಕಿದ್ದಾಯ್ತು. ಇನ್ನು ರಟ್ಟು ಅಂಟಿಸೋದು. ಅಂಟು ಹಚ್ಚೋವಾಗ ರಟ್ಟನ್ನ ಕವುಚಿ ಹಾಕ್ಕೋಬೇಕು, ಗೊತ್ತಲ್ಲ? ದೋಣಿ, ಕೀಲಿಕೈ, ನಾಯಕರ ಹಲ್ಲು ಬಿಟ್ಟ ಫೋಟೋ, ಎಲ್ಲಾ ಕೆಳಗೆ. ಮೇಲೆ ಕಾಣೋದು ಬರೀ ಬೆನ್ನು. ಬೆನ್ನು ಎಲ್ಲಾ ಪಕ್ಷದ್ದೂ ಬಿಳೀನೇ ಅಲ್ವಾ ಅಕ್ಕ!

ಯಜಮಾನರು ಎಡಗಡೆ ದೋಣಿ, ಬಲಗಡೆ ಕೀಲಿಕೈ ಅಂತ ಜೋಡಿಸಿಟ್ಟು ಊಟಕ್ಕೆ ಹೋದ್ರು. ನಾನು ಬಂದು ನೋಡ್ತೀನಿ, ಮೈ ಉರೀತು. ನಮ್ಮದು ಎಡಗಡೇನಾ? ಅಪ್ಪನ ಕಾಲದಿಂದ ಹೆಗಲ ಮೇಲೆ ಹೊತ್ತ ಪಕ್ಷ ಎಡಗಡೆ, ಆ ಕೀಲಿಕೈಯವರು ಬಲಗಡೆ? ಎತ್ತಿದೆ ಒಳಪುಟದ ರಾಶಿ, ತಂದು ಬಲಗಡೆ ಇಟ್ಟೆ. ಅವರದ್ದನ್ನ ಎಡಕ್ಕೆ ತಳ್ಳಿದೆ. ಎಷ್ಟು ಸಮಾಧಾನ ಆಯ್ತು ಗೊತ್ತಾ? ಆದ್ರೆ ರಟ್ಟಿನ ರಾಶಿ ಬದಲಾಯಿಸೋದು ಮರೆತೇ ಹೋಯ್ತು. ನಿದ್ದೆಗಣ್ಣಲ್ಲೇ ಅಂಟಿಸಿ ಮುಗಿಸಿದೆ. ನಾಲ್ಕು ಸಾವಿರ ಪುಸ್ತಕ! ಎಲ್ಲದರ ತಲೆ ಒಬ್ಬರದ್ದು, ಹೊಟ್ಟೆ ಇನ್ನೊಬ್ಬರದ್ದು.

ಯಾಕೆ ನಗ್ತೀಯ? ನಗು, ನಗು. ಇಪ್ಪತ್ತು ದಿನ ಆದ್ಮೇಲೆ ನಿನ್ನ ಹಲ್ಲು ಕಂಡಿತಲ್ಲ. ಆದ್ರೆ ನಿಜವಾಗಿ ನಗಬೇಕಾದ್ದು ಇನ್ನೂ ಮುಂದಿದೆ, ಕೇಳು. ನಾಲ್ಕು ಸಾವಿರ ಪುಸ್ತಕ ಊರೆಲ್ಲಾ ಹಂಚಿದ್ರಲ್ಲ, ಯಾರಿಗಾದ್ರೂ ಗೊತ್ತಾಯ್ತು ಅಂತೀಯಾ? ಒಬ್ಬನಿಗೂ ಇಲ್ಲ! ನಮ್ಮ ದೋಣಿ ಅಭ್ಯರ್ಥಿ ಇದ್ದಾನಲ್ಲ, ಆ ಮೈಕು ಕಂಡ್ರೆ ಬಿಡದವನು, ತಾನೇ ಬರೆಸಿದ ಪುಸ್ತಕ ತಾನೇ ಓದಿಲ್ಲ. ವೇದಿಕೆ ಮೇಲೆ ನಿಂತು ಎದುರು ಪಕ್ಷದ ಭರವಸೆಗಳನ್ನ ಒಂದರಿಂದ ಹನ್ನೆರಡರವರೆಗೆ ಗಂಟಲು ಹರಕೊಂಡು ಓದಿದ. ನಮ್ಮ ಜನ ಏನು ಮಾಡಿದ್ರು? ಚಪ್ಪಾಳೆ! ನಾನೂ ಹೊಡೆದೆ... ಅಂದ್ರೆ, ಆಗ ನನಗೂ ಗೊತ್ತಿರಲಿಲ್ಲ ನೋಡು.

ಏಳನೇ ಭರವಸೆ ನೆನಪಿದೆಯಲ್ಲ? ನಿಮಗೆ ಸಂಬಂಧಪಟ್ಟದ್ದೇ ಅದು. ನಮ್ಮ ದೋಣಿಯವರು ನಿಜವಾಗಿ ಬರೆಸಿದ್ದು, ಬೀದಿ ಬದಿ ಅಂಗಡಿಗಳನ್ನ ಎಬ್ಬಿಸಲ್ಲ, ಇದ್ದಲ್ಲೇ ನೀರು, ದೀಪ, ಕೈಗೊಂದು ಹಕ್ಕುಪತ್ರ ಅಂತ. ಕೀಲಿಕೈಯವರು ಬರೆಸಿದ್ದು, ಎಲ್ಲರನ್ನೂ ಎಬ್ಬಿಸಿ ಊರಾಚೆ ಮಳಿಗೆ ಕಟ್ಟಿ ತುಂಬ್ತೀವಿ, ರಸ್ತೆ ಅಗಲ ಮಾಡ್ತೀವಿ ಅಂತ. ರಟ್ಟು ಬದಲಾಗಿ ಅವರ ಮಾತು ನಮ್ಮದಾಯ್ತು, ನಮ್ಮದು ಅವರದ್ದಾಯ್ತು.

ನಿಮ್ಮ ಎದುರಿಗೆ ಕೊಡೆ ರಿಪೇರಿ ಮಾಡ್ತಾನಲ್ಲ, ಆ ಮುದುಕಪ್ಪ? ನನಗಿಂತ ದೊಡ್ಡ ದೋಣಿ ಭಕ್ತ. ಅವನಿಗೆ ಪುಸ್ತಕ ಕೊಟ್ಟೆ. ಕನ್ನಡಕ ಹಾಕ್ಕೊಂಡು, ತುಟಿ ಆಡಿಸ್ತಾ ಏಳನೇದನ್ನ ಎರಡು ಸಲ ಓದಿದ. ತನ್ನ ಅಂಗಡೀನೇ ಎತ್ತಿಸ್ತಾರೆ ಅಂತ ಬರೆದಿದೆ! ಏನಂದ ಹೇಳು? "ನಮ್ಮವರು ಹೇಳಿದಾರೆ ಅಂದ್ಮೇಲೆ ಏನೋ ಒಳ್ಳೇದಕ್ಕೇ ಇರತ್ತೆ ಬಿಡಪ್ಪ, ರಸ್ತೆನೂ ಇಕ್ಕಟ್ಟಾಗಿದೆ" ಅಂದ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತಲ್ಲ, ಹಾಗೆ. ಮಾರನೇ ದಿನ ಅವನೇ ಎಲ್ಲರಿಗೂ ವಾದ ಮಾಡಿ ಹೇಳ್ತಿದ್ದ, ಊರಾಚೆ ಗಾಳಿ ಚೆನ್ನಾಗಿದೆ ಅಂತ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನಾನಾ? ನಾನೂ ಹಾಗೇ ಅಕ್ಕ. ಸುಳ್ಳು ಯಾಕೆ ಹೇಳಲಿ. ಮನೆಮನೆಗೆ ಹೋಗಿ ಹೇಳ್ದೆ, ರಸ್ತೆ ಅಗಲ ಆದ್ರೆ ಊರು ಉದ್ಧಾರ ಅಂತ. ಸ್ವಂತ ಅಕ್ಕನ ಅಂಗಡಿ ರಸ್ತೆ ಬದೀಲೇ ಇದೆ ಅಂತ ಒಂದು ಕ್ಷಣಕ್ಕೂ ತಲೆಗೆ ಬರಲಿಲ್ಲ. ಬಂದಿತ್ತೇನೋ... ಬಂದ್ರೆ ತಳ್ಳಿಬಿಟ್ಟೆ. ಪಕ್ಷ ಅಂದ್ರೆ ಹಾಗೇ ಅಲ್ವಾ? ಅಪ್ಪ ಸಾಯೋ ವಾರ ಕೂಡ ಕೇಳಿದ್ದು, ಮಕ್ಕಳು ಊಟ ಮಾಡಿದ್ರಾ ಅಂತಲ್ಲ, ಎಣಿಕೇಲಿ ದೋಣಿ ಮುಂದಿದೆಯಾ ಅಂತ. ನೀನೇ ಹೇಳ್ದೆಯಲ್ಲ, ಮುಂದಿದೆ ಅಪ್ಪ ಅಂತ... ಸೋತಿತ್ತು ಆ ಸಲ. ನೀನು ಸುಳ್ಳು ಹೇಳಿದ್ದೆ.

ಅವತ್ತಿನ ವಿಷಯಕ್ಕೆ ಬರ್ತೀನಿ, ಬರ್ತೀನಿ. ಹೇಳೋಕೇ ಬಂದಿದ್ದು.

ಭಾವ ಕೀಲಿಕೈಯವರು. ಇರಲಿ, ಅವರ ಇಷ್ಟ. ಅವರ ಕೈಗೆ ಅವರ ಪಕ್ಷದ ರಟ್ಟಿನ ಪುಸ್ತಕ ಬಂತು, ಒಳಗೆ ನಮ್ಮ ಮಾತು. ಅಂಗಡಿ ಎಬ್ಬಿಸಲ್ಲ, ಹಕ್ಕುಪತ್ರ ಕೊಡ್ತೀವಿ. ಪಾಪ, ಎಷ್ಟು ಖುಷಿಯಾಗಿರಬೇಡ! ಇಲ್ಲೇ, ಈ ಮೆಟ್ಟಿಲ ಮೇಲೆ ನಿಂತು, ಪುಸ್ತಕ ಮಧ್ಯಕ್ಕೆ ತೆರೆದು ಜನರ ಕಡೆ ಎತ್ತಿ ಹಿಡಿದು ತೋರಿಸಿ, ಬನ್ರಪ್ಪ ಕೇಳಿ, ನಮ್ಮವರು ಏನು ಹೇಳಿದಾರೆ ಕೇಳಿ ಅಂತ ಜೋರಾಗಿ ಓದಿದ್ರು. ಅಷ್ಟು ಹೊತ್ತಿಗೆ ನಾವು ದೋಣಿಯವರು ಹತ್ತು ಹನ್ನೆರಡು ಜನ ಬಾವುಟ ಹಿಡ್ಕೊಂಡು ಬಂದ್ವಿ. ನೀನು ಒಳಗೆ ಬಟ್ಟೆ ಎಣಿಸ್ತಿದ್ದೆ, ನಿನಗೆ ಏನೂ ಕಂಡಿರಲ್ಲ. ಮಾತಿಗೆ ಮಾತು ಬೆಳೀತು. ಬೀದಿ ನುಂಗೋರು ನೀವು ಅಂದ್ರು ನಮ್ಮವರು. ಯಾರೋ ಕೂಗಿದ್ರು, ಕಿತ್ಕೊಳ್ರೋ ಅದನ್ನ ಅಂತ. ಯಾರು ಅಂತ ಹೇಳೋದು, ಗುಂಪು ಅಂದ್ಮೇಲೆ ಗೊತ್ತಲ್ಲ... ನಾಲ್ಕು ಕೈ ಮುಂದೆ ಹೋದ್ವು. ಭಾವ ಪುಸ್ತಕ ಬಿಡಲಿಲ್ಲ. ಯಾಕೆ ಬಿಡಲಿಲ್ವೋ! ಬಿಟ್ಟಿದ್ರೆ ಏನಾಗ್ತಿತ್ತು, ಇಪ್ಪತ್ನಾಲ್ಕು ಪುಟ ಅಷ್ಟೇ. ಮೆಟ್ಟಿಲಿಂದ ಹಿಂದಕ್ಕೆ ಬಿದ್ರು, ಕೈ ಕೆಳಗೆ ಸಿಕ್ಕಿಕೊಂಡಿತು.

ಈಗ ಹೇಳು, ಯಾರ ತಪ್ಪು? ದೋಣಿಯವರು ದೋಣಿಯ ಮಾತು ಓದಿದವನನ್ನೇ ಕೆಡವಿದ್ರು! ಅವರಿಗೆ ಗೊತ್ತಾ? ಇಲ್ಲ. ಭಾವನಿಗೆ ಗೊತ್ತಾ? ಇಲ್ಲ. ನನಗೆ? ನನಗೂ ಇಲ್ಲ. ಗಲಾಟೆ ಆಗಿ ಮೂರು ದಿನ ಆದ್ಮೇಲೆ ಯಜಮಾನರು ಲೆಕ್ಕ ನೋಡ್ತಾ ಒಂದು ಪುಸ್ತಕ ತೆರೆದು ಬೆವೆತು ಹೋದ್ರು. ಆಗ್ಲೇ ನನಗೂ ಗೊತ್ತಾಗಿದ್ದು. ಎರಡೂ ಪಕ್ಷದ ಆಫೀಸಿನಿಂದ ಬೈಗುಳ ಬರತ್ತೆ ಅಂತ ಕಾದ್ವಿ. ಬರಲೇ ಇಲ್ಲ! ಯಾರಾದ್ರೂ ಓದಿದ್ರೆ ತಾನೆ ಬರೋದು. ಆದ್ರಿಂದ ಇದು ರಟ್ಟಿನ ತಪ್ಪು ಅಕ್ಕ. ಗುಟ್ಟು ರಟ್ಟಾಗೋದು ಕೇಳಿದೀವಿ, ಇಲ್ಲಿ ರಟ್ಟೇ ಗುಟ್ಟಾಗಿ ಕೂತ್ಕೊಂಡಿತು, ಅಷ್ಟೇ... ನಗಲ್ವಾ? ಈ ಸಲ ನಗಬೇಕಿತ್ತು ನೀನು.

ಸರಿ. ನನ್ನ ಕರೆಸಿದ್ದು ಯಾಕೆ ಹೇಳು.

ಇದೇನು? ಮೇಜಿನ ಡ್ರಾಯರ್ ಒಳಗೆ ಇಷ್ಟೊಂದು ಹರಿದ ರಟ್ಟು... ದೋಣಿ, ಕೀಲಿಕೈ, ದೋಣಿ... ಎಲ್ಲಾ ನೀನು ಹರಿದಿದ್ದಾ? ಅಯ್ಯೋ ಪುಣ್ಯಾತ್ಗಿತ್ತಿ, ಒಂದೊಂದು ಅಂಟಿಸೋಕೆ ಎಷ್ಟು ಹೊತ್ತು ಬೇಕು ಗೊತ್ತಾ! ಯಾಕೆ ಹರಿದೆ?... ಮುಖ ನೋಡದೆ ಓದೋಕಾ? ಬೀದಿ ಹೆಂಗಸರೆಲ್ಲಾ ಸೇರಿ? ಬಟ್ಟೆ ಕೊಡೋಕೆ ಬಂದವರ ಕೈಗೆ ಒಂದೊಂದು ಬೋಳು ಪುಸ್ತಕ ಕೊಟ್ಟು, ನಿನಗೆ ಬೇಕಾದ ಮಾತಿಗೆ ಗೆರೆ ಹಾಕು, ಯಾವ ಪಕ್ಷ ಅಂತ ಕೇಳ್ಬೇಡ ಅಂದ್ಯಾ? ಹಹ್ಹಾ... ಅದೂ ಸಾಲದು ಅಂತ ಇದೇನು, ಹಾಳೆ ತುಂಬಾ ಬರೆದಿದೀಯ? ಹಿಂದಿನ ಸಲ ಏನು ಹೇಳಿದ್ರು, ಏನು ಮಾಡಿದ್ರು... ನಲ್ಲಿ ನೀರು, ಹೇಳಿದ್ರು, ಮಾಡ್ಲಿಲ್ಲ. ಶಾಲೆ ಚಾವಣಿ, ಹೇಳಿದ್ರು, ಅರ್ಧ ಮಾಡಿದ್ರು. ಏನಕ್ಕ ಇದು, ಗಂಡು ನೋಡೋಕೆ ಹೋದವರು ಕೂಡ ಇಷ್ಟು ವಿಚಾರಿಸಲ್ಲ!

ನಿನಗೆ ತಲೆ ಕೆಟ್ಟಿದೆ. ರಟ್ಟಿಲ್ಲದ ಪುಸ್ತಕಕ್ಕೆ ಯಾರಾದ್ರೂ ಓಟು ಹಾಕ್ತಾರಾ? ನಾಳೆ ಮತಗಟ್ಟೆ ಒಳಗೆ ಹೋಗಿ ನಿಂತಾಗ ಅಲ್ಲಿ ಏಳನೇ ಭರವಸೆ ಅಂತ ಗುಂಡಿ ಇರತ್ತಾ? ದೋಣಿ ಇರತ್ತೆ, ಕೀಲಿಕೈ ಇರತ್ತೆ. ನಾನಂತೂ ಹೇಳಿಬಿಡ್ತೀನಿ, ಇಷ್ಟೆಲ್ಲಾ ಆದ್ಮೇಲೂ ನನ್ನ ಬೆರಳು ತಾನಾಗೇ ದೋಣಿಗೇ ಹೋಗೋದು. ಭಾವನದ್ದೂ ಅಷ್ಟೇ, ಎಡಗೈಯಲ್ಲಾದ್ರೂ ಕೀಲಿಕೈಯನ್ನೇ ಒತ್ತಿ ಬರ್ತಾರೆ. ಒತ್ತಲಿ ಬಿಡು, ಅಂಗಡಿ ಎಬ್ಬಿಸೋರಿಗೆ ತಾವೇ... ಹೌದಲ್ಲ. ಅವರಿಗೆ ಇನ್ನೂ ಗೊತ್ತೇ ಇಲ್ಲ. ತಮ್ಮವರೇ ಅಂಗಡಿ ಉಳಿಸ್ತಾರೆ ಅಂತ ನಂಬಿ ಕೂತಿದಾರೆ.

ಏನು? ಇವೆರಡೂನಾ? ಬೋಳು ಪುಸ್ತಕ... ಯಾವುದು ನಮ್ಮದು ಹೇಳಬೇಕಾ? ಪರೀಕ್ಷೆ ಮಾಡ್ತೀಯಾ ತಮ್ಮನ್ನ! ಇದಕ್ಕೆ ಓದೋದೇನು ಬಂತು ಅಕ್ಕ, ಕನ್ನಡಕನೂ ಬೇಡ. ಕೊಡು ಇಲ್ಲಿ. ಇದು ನಮ್ಮದು, ಅದು ಅವರದ್ದು. ನೋಡ್ದೆಯಾ, ಒಂದು ಅಕ್ಷರ ಓದಲಿಲ್ಲ! ಹೇಗೆ ಅಂತೀಯಾ? ಮಧ್ಯದ ಹಾಳೆ ತೆಗಿ. ಹೊಲಿಗೆ ನೋಡು. ಕೆಂಪು ದಾರ! ಅವರ ಕೆಲಸ ಮೊದಲು ಬಂತು, ಅದಕ್ಕೆ ಹೊಲಿದು ಹೊಲಿದು ಬಿಳಿ ದಾರ ಮುಗೀತು. ನಮ್ಮದಕ್ಕೆ ಕಪಾಟಿನಲ್ಲಿದ್ದ ಹಳೇ ಕೆಂಪು ದಾರ ಹಾಕ್ದೆ. ಎರಡು ಸಾವಿರ ಪುಸ್ತಕ ನನ್ನ ಕೈಯಲ್ಲೇ ಹೊಲಿದದ್ದು, ಹೆತ್ತ ಮಕ್ಕಳ ಗುರುತು ಸಿಗಲ್ವಾ? ಹತ್ತು ಮಾರು ದೂರ ನಿಲ್ಲಿಸು ನನ್ನ, ಅಲ್ಲಿಂದ್ಲೇ ಹೇಳ್ತೀನಿ. ಅವತ್ತು ಭಾವ ಹೀಗೆ ಎತ್ತಿ ಹಿಡಿದಾಗ್ಲೂ ಬೀದಿ ತಿರುವಿನಿಂದ್ಲೇ ದಾರ ಕಂಡು...

...

ಇಲ್ಲ. ಅಂದ್ರೆ... ಈಗ ನೆನೆಸ್ಕೊಂಡ್ರೆ ಹಾಗೆ ಅನ್ನಿಸತ್ತೆ ಅಂದೆ. ಆಗ ಎಲ್ಲಿ... ಬಿಸಿಲಿತ್ತು, ಗಲಾಟೆ, ಬಾವುಟ... ಮೂರು ದಿನ ಆದ್ಮೇಲೆ ಗೊತ್ತಾಯ್ತು ಅಂತ ಹೇಳಿದ್ನಲ್ಲ, ಅದು... ಯಜಮಾನರಿಗೆ ಗೊತ್ತಾದದ್ದು ಮೂರು ದಿನಕ್ಕೇ. ಅದು ನಿಜ. ಅದು ನಿಜ ಕಣೇ!

ಹಾಗೆ ಸುಮ್ನೆ ನಿಲ್ಬೇಡ. ಬೈ. ಹೊಡಿ ಬೇಕಾದ್ರೆ. ಆ ಪೆಟ್ಟಿಗೆ ಆದ್ರೂ ಕೈಗೆ ತಗೋ, ಏನಾದ್ರೂ ಮಾಡು. ಹೀಗೆ ಕೈ ಕಟ್ಟಿ ನೋಡ್ತಾ ನಿಂತ್ರೆ ನಾನು ಏನು ತಿಳ್ಕೊಳ್ಳಲಿ?

ಗೊತ್ತಾಯ್ತು ಅಕ್ಕ. ತಿರುವಿನಲ್ಲೇ ಗೊತ್ತಾಯ್ತು. ಕೀಲಿಕೈ ರಟ್ಟಿನೊಳಗೆ ಕೆಂಪು ದಾರ. ನಾನು ರಾಶಿ ಬದಲಾಯಿಸಿದ್ದು ಕಣ್ಣ ಮುಂದೆ ಬಂತು. ನಿಲ್ರಪ್ಪ, ಇದು ನಮ್ಮದೇ ಮಾತು, ತಪ್ಪು ನನ್ನದು ಅನ್ನಬೇಕಿತ್ತು. ಬಾಯಿಗೂ ಬಂದಿತ್ತು. ಆದ್ರೆ ಭಾವ ಎಷ್ಟು ಚೆನ್ನಾಗಿ ಓದ್ತಿದ್ರು! ಆ ಕೊಡೆ ರಿಪೇರಿಯವನು ಕೂಡ ತಲೆ ಆಡಿಸ್ತಿದ್ದ, ನಮ್ಮ ಹುಡುಗರೂ ಒಂದು ಕ್ಷಣ ಸುಮ್ಮನೆ ನಿಂತ್ರು. ನಮ್ಮ ಮಾತಿಗೆ ಅವರ ಪಕ್ಷಕ್ಕೆ ಹೆಸರು! ಹೊಟ್ಟೆ ಉರಿದು ಹೋಯ್ತು. ಇನ್ನೊಂದು ಕಡೆ ಹೆದರಿಕೆ. ಇನ್ನೂ ನಾಲ್ಕು ಜನ ಹತ್ತಿರ ಹೋಗಿ ಪುಸ್ತಕ ನೋಡಿದ್ರೆ ನನ್ನ ಕೆಲಸ ಹೋಯ್ತು, ನಮ್ಮವರ ಮುಂದೆ ಮಾನ ಹೋಯ್ತು. ಆ ಪುಸ್ತಕ ಅವರ ಕೈಯಲ್ಲಿ ಇರಬಾರದು ಅನ್ನಿಸ್ತು. ಅಷ್ಟೇ ಅನ್ನಿಸಿದ್ದು. ಕೈ ಮುರೀಬೇಕು ಅಂತ ಅಲ್ಲ, ದೇವರಾಣೆ ಅಲ್ಲ.

ಕಿತ್ಕೊಳ್ರೋ ಅವನ ಕೈಯಿಂದ. ಹಾಗೆ ಕೂಗಿದೆ. ಅವನ! ಹದಿನೆಂಟು ವರ್ಷ ಭಾವ, ಬನ್ನಿ, ಕೂತ್ಕೊಳ್ಳಿ ಅಂದ ಬಾಯಲ್ಲಿ. ಗುಂಪಿನ ಹಿಂದೆ ನಿಂತು ಕೂಗಿದೆ, ಯಾರೂ ತಿರುಗಿ ನೋಡಲಿಲ್ಲ. ನಿನಗೆ ಕೇಳಿಸಿರಲ್ಲ ಅಂದ್ಕೊಂಡೆ... ನೀನು ಒಳಗಿದ್ದೆಯಲ್ಲ... ಅಲ್ಲ, ಹೇಗೆ ಕೇಳಿಸದೆ ಇರತ್ತೆ. ತೊಟ್ಟಿಲಿಂದ ಕೇಳಿದ ದನಿ. ಅದಕ್ಕೇ ಇಪ್ಪತ್ತು ದಿನ ಕರೀಲಿಲ್ವಾ? ಅದಕ್ಕೇ ಇವತ್ತು ಕರೆದ್ಯಾ, ಇನ್ನೂ ಓಟು ಹಾಕೋ ಮುಂಚೆ?

ಅವರಿಗೆ ಹೇಳಿದೀಯಾ? ಹೇಳಿಲ್ಲ ಅಲ್ವಾ? ಹೇಳ್ಬೇಡ ಅಕ್ಕ. ಕಾಲಿಗೆ ಬೀಳ್ತೀನಿ. ರಟ್ಟಿನ ವಿಷಯ ಬೇಕಾದ್ರೆ ನಾನೇ ನಿಧಾನಕ್ಕೆ ತಿಳಿಸ್ತೀನಿ, ನಾಳೆ ಆದ್ಮೇಲೆ... ನಾಳೆ ಆದ್ಮೇಲೆ ಏನು ಪ್ರಯೋಜನ, ಅದೂ ಸರಿ. ಆದ್ರೆ ದಾರದ ವಿಷಯ ನಮ್ಮಿಬ್ಬರಲ್ಲೇ ಇರಲಿ. ಒಡಹುಟ್ಟಿದವನು ಕಣೇ ನಾನು... ಯಾಕೆ ಬಾಗಿಲ ಕಡೆ ನೋಡ್ತೀಯ?

ಓ... ಬನ್ನಿ ಭಾವ, ಬನ್ನಿ. ನಿಧಾನ, ಮೆಟ್ಟಿಲಿದೆ. ಏನಿಲ್ಲ, ಹೀಗೇ ಬಂದಿದ್ದೆ, ಅಕ್ಕನ ಹತ್ತಿರ ಓಟಿನ ವಿಷಯ ಮಾತಾಡ್ತಾ... ಪಟ್ಟಿ ಬಿಚ್ಚಿದ್ರಾ? ಸಣ್ಣಗಾಗಿದೆ ಕೈ. ಸರಿಹೋಗತ್ತೆ ಬಿಡಿ, ಎಲ್ಲಾ ಸರಿಹೋಗತ್ತೆ. ನಾನು ಹೊರಟೆ, ಪ್ರೆಸ್ಸಲ್ಲಿ ಕೆಲಸ ಇದೆ...

ಅಕ್ಕ, ದಾರಿ ಬಿಡು. ಹೋಗ್ಬೇಕು ಅಂದ್ನಲ್ಲ.

...ಸರಿ.

ಭಾವ, ಕೂತ್ಕೊಳ್ಳಿ. ಅವತ್ತು ನಿಮ್ಮ ಕೈಯಲ್ಲಿದ್ದ ಪುಸ್ತಕ ನಿಮ್ಮ ಪಕ್ಷದ್ದಲ್ಲ.